ಹಸಿ ಪೊರೆ

"ಎಲ್ಲಾರ ಮನೇಲೂ ಗಂಡುಸ್ರು ದುಡೀತಾರೆ ಕಣ್ರಪ್ಪಾ. ನಮ್ಮ ಭಾಮೈದ ಹಾವಿಗೆ ಬಾಣಂತನ ಮಾಡ್ತಾ ಕೂತವ್ನೆ."

ತಕ್ಕಡಿಗೆ ಒರಗಿ ನಿಂತು ಪಂಚಾಕ್ಷರಪ್ಪ ಇಷ್ಟು ಹೇಳಿದ್ದೇ ತಡ, ಎಣ್ಣೆ ಮಿಲ್ಲಿನ ಅಂಗಳದಲ್ಲಿ ಗಾಡಿ ಬಿಟ್ಟು ಸರದಿಗೆ ಕಾಯುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಕಲ್ಲೇಶಿ ಅದೇ ಹೊತ್ತಿಗೆ ಬಾವಿಕಟ್ಟೆಯಿಂದ ಬರುತ್ತಿದ್ದ. ಕೈಯಲ್ಲಿ ಅಕ್ಕನ ಹಳೇ ಸೀರೆಯ ತುಂಡು ನೆನೆದು ತೊಟ್ಟಿಕ್ಕುತ್ತಿತ್ತು; ಬಚ್ಚಿಟ್ಟುಕೊಳ್ಳೋಣವೆಂದರೆ ಜಾಗವಿಲ್ಲ. ಅಂತರಘಟ್ಟೆಯ ದೊಡ್ಡಬೀರಪ್ಪ ಬಾಯಲ್ಲಿದ್ದ ಎಲೆಯಡಿಕೆ ರಸ ಸುರಿಯದ ಹಾಗೆ ಗದ್ದ ಮೇಲಕ್ಕೆತ್ತಿ, "ಮೊದಲ್ನೇ ಹೆರಿಗೆಯಾ ಸಾವ್ಕಾರ್ರೇ, ಎರಡನೇದಾ?" ಎಂದ. ನಗು ಇನ್ನೊಂದು ಸುತ್ತು ತಿರುಗಿತು. ಎತ್ತುಗಳು ಮಾತ್ರ ನಗಲಿಲ್ಲ. ಕಲ್ಲೇಶಿ ನಿಂತುಬಿಟ್ಟ. ನಿಲ್ಲಬಾರದಿತ್ತು, ಕೇಳಿಸದವನಂತೆ ಹೋಗಿಬಿಡಬೇಕಿತ್ತು ಎಂದು ಗೊತ್ತಿದ್ದರೂ ಕಾಲು ಕೇಳಲಿಲ್ಲ. ನೀರು ಅವನ ಪಾದದ ಮೇಲೆ ಬೀಳುತ್ತಿತ್ತು. ಎಲ್ಲರೂ ಆ ಪಾದವನ್ನೇ ನೋಡುತ್ತಿದ್ದಾರೆ ಅನ್ನಿಸಿತು. ದೊಡ್ಡಬೀರಪ್ಪನ ಮೂಟೆಯ ತಳದಲ್ಲಿ ಕಡಲೇಕಾಯಿಗಿಂತ ಮಣ್ಣುಹೆಂಟೆ ಜಾಸ್ತಿ ಇರುವುದು ಭಾವ ಪಂಚಾಕ್ಷರಪ್ಪನಿಗೆ ಗೊತ್ತು. ಭಾವನ ತಕ್ಕಡಿ ಯಾವ ಕಡೆ ವಾಲುತ್ತದೆ ಎಂಬುದು ದೊಡ್ಡಬೀರಪ್ಪನಿಗೆ ಗೊತ್ತು. ಎರಡೂ ಗೊತ್ತಿದ್ದು ಬಾಯಿ ಮುಚ್ಚಿಕೊಂಡಿರುವವನು ತಾನು. ಒಬ್ಬರ ಕಳ್ಳತನಕ್ಕೆ ಇನ್ನೊಬ್ಬರು ಕೈ ಮುಗಿದುಕೊಂಡು, ಮಧ್ಯೆ ನಗುವುದಕ್ಕೆ ಸಿಕ್ಕವನನ್ನು ಹಿಡಿದು ನಕ್ಕು, ಸಂಜೆ ಮನೆಗೆ ಹೋಗಿ ವಿಭೂತಿ ಬಳಿದುಕೊಂಡು ಕೂರುವ ಜನ. ಉಗಿಯಬೇಕೆನ್ನಿಸಿತು. ಉಗುಳು ಬರಲಿಲ್ಲ.

ಅವನಿಗೆ ಉತ್ತರಗಳೆಲ್ಲ ಹೊಳೆಯುವುದು ಸಿಪ್ಪೆ ಕೊಟ್ಟಿಗೆಯಲ್ಲಿ. ಮಿಲ್ಲಿನ ಹಿಂದುಗಡೆ, ಇಂಜಿನ್ ಕೋಣೆಗೆ ಆತುಕೊಂಡಂತೆ ಇದ್ದ ಆ ಕೊಟ್ಟಿಗೆಯಲ್ಲಿ ಅರ್ಧ ಸೂರಿನವರೆಗೆ ಕಡಲೇಕಾಯಿ ಸಿಪ್ಪೆ ತುಂಬಿರುತ್ತಿತ್ತು. ಉಳಿದ ಜಾಗದಲ್ಲಿ ಅವನ ಚಾಪೆ, ಒಂದು ಟ್ರಂಕು, ಬಾಯಿ ಒಡೆದದ್ದಕ್ಕೆ ಅಡ್ಡ ಮಲಗಿಸಿದ್ದ ದೊಡ್ಡ ಗುಡಾಣ. ಗುಡಾಣದೊಳಗೆ ಅದು ಇತ್ತು. ಹೆಸರಿಟ್ಟಿರಲಿಲ್ಲ. ಮನೆಯವರೆಲ್ಲ ಎಮ್ಮೆಗೆ, ಎತ್ತಿಗೆ, ಹೋಗುವ ಬರುವ ನಾಯಿಗೆ ಹೆಸರಿಟ್ಟು ಕರೆದು, ಕರೆದ ಬಾಯಲ್ಲೇ ಹಾಳಾಗಿ ಹೋಗು ಎಂದು ಬೈಯುವುದನ್ನು ನೋಡಿ ನೋಡಿ ಅವನಿಗೆ ಹೆಸರಿನ ಮೇಲೇ ಹೇಸಿಗೆ. ಅವನು ಒದ್ದೆ ಬಟ್ಟೆಯನ್ನು ಗುಡಾಣದ ಒಳಮೈಗೆ ಹೊಂದಿಸಿ ಹಾಸಿದ. ಮೂರು ಮೊಳದ ಹೆಬ್ಬಾವಿನ ಮರಿ ಸುರುಳಿಯನ್ನು ಇನ್ನಷ್ಟು ಬಿಗಿದುಕೊಂಡು ಒಂದು ಸಲ ಭುಸ್ಸೆಂದಿತು. ಮೈಮೇಲಿನ ಕಂದು ಮಚ್ಚೆಗಳೆಲ್ಲ ಬೂದಿ ಎರಚಿದಂತೆ ಮಸುಕಾಗಿದ್ದವು. ಹೊಟ್ಟೆಯ ಕಡೆ ಎಳೆ ಗುಲಾಬಿ. ಕಣ್ಣುಗಳಿಗೆ ಯಾರೋ ತಿಳಿಸುಣ್ಣದಲ್ಲಿ ಬಟ್ಟೆನೀಲಿ ಕಲಸಿ ಹೊಯ್ದ ಹಾಗಿತ್ತು.

ಹೋದ ಸಲ ದೀಪಾವಳಿಯ ಹಿಂದುಮುಂದು ಹೀಗೇ ಆದಾಗ ಅವನು ಕುರುಡಾಯಿತೆಂದು ನಡುಗಿಹೋಗಿದ್ದ. ಇಲಿ ಹಿಡಿದು ಕೊಟ್ಟರೆ ಮೂಸಲಿಲ್ಲ. ಕಣ್ಣಿಗೆ ನಂದಿಬಟ್ಟಲ ಹೂವಿನ ರಸ ಹಿಂಡಬೇಕೆಂದು ಹೂವು ಕಿತ್ತು ತಂದು, ಕೈಯಲ್ಲಿ ಹಿಡಿದುಕೊಂಡೇ ಕೂತು, ಯಾಕೋ ಧೈರ್ಯ ಸಾಲದೆ ಬಿಸಾಡಿದ್ದ. ಕಣ್ಣು ತಾನಾಗಿಯೇ ತಿಳಿಯಾಯಿತು. ಆಮೇಲೆ ಒಂದು ಮಧ್ಯಾಹ್ನ ಅದು ತುಟಿಯನ್ನು ಗುಡಾಣದ ಒಡಕು ಬಾಯಿಗೆ ಉಜ್ಜಿ ಉಜ್ಜಿ, ಕಾಲುಚೀಲ ತಿರುವಿ ತೆಗೆದಂತೆ ತನ್ನನ್ನು ತಾನೇ ತಿರುವಿ ಹಾಕಿ ಹೊರಗೆ ಬಂತು. ಪೊರೆಯಲ್ಲಿ ಕಣ್ಣಿನ ಜಾಗದಲ್ಲೂ ಎರಡು ಪುಟ್ಟ ಗಾಜಿನ ಬಟ್ಟಲು! ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ್ದ. ಆವತ್ತು ಕಲಿತದ್ದು ಇಷ್ಟೇ: ಒದ್ದೆ ಇಡಬೇಕು, ಮುಟ್ಟಬಾರದು. ಈ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿದ್ಯೆ ಅದು, ಮುಟ್ಟದೆ ಇರುವುದು. ಇಲ್ಲಿ ಪ್ರೀತಿ ಎಂದರೂ ಮೈಮೇಲೆ ಬೀಳುತ್ತಾರೆ, ದ್ವೇಷ ಎಂದರೂ ಮೈಮೇಲೆ ಬೀಳುತ್ತಾರೆ. ಇಪ್ಪತ್ತೆರಡು ವರ್ಷದ ಬದುಕಿನಲ್ಲಿ ತಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ ಎಂದು ಅವನಿಗೆ ಒಳಗೊಳಗೇ ಅನ್ನಿಸಿತ್ತು. ಆ ಅನ್ನಿಸಿಕೆಯ ಬಗ್ಗೆಯೂ ಅವನಿಗೆ ತಿರಸ್ಕಾರವೇ. ಆದರೂ ಅದನ್ನು ಬಿಟ್ಟಿರಲಿಲ್ಲ.

ಅದು ಬಂದದ್ದು ಕೆಮ್ಮಣ್ಣುಗುಂಡಿ ತಪ್ಪಲಿನಿಂದ ಸೌದೆ ತಂದ ಲಾರಿಯಲ್ಲಿ. ಟೊಳ್ಳು ದಿಮ್ಮಿಯೊಂದನ್ನು ಇಳಿಸುವಾಗ ಮೊಳಕೈಯುದ್ದದ ಮರಿ ಹೊರಗೆ ಬಿತ್ತು. ಕೂಲಿಯವರು, "ಕೊಳಕುಮಂಡ್ಲ ಕೊಳಕುಮಂಡ್ಲ" ಎಂದು ಹಾರಿದರು. ಭಾವ ಆಫೀಸಿನ ಬಾಗಿಲಲ್ಲೇ ನಿಂತು, ಪೇಪರು ಓದುವ ಕನ್ನಡಕದಿಂದ ನೋಡಿ, "ಕೊಳಕುಮಂಡಲವೇ. ಹೊಡೀರಿ ತಲೆಗೆ" ಎಂದು ತೀರ್ಪು ಕೊಟ್ಟ. ಭಾವ ಹೇಳಿದ್ದರಿಂದಲೇ ಅದು ಕೊಳಕುಮಂಡಲ ಅಲ್ಲ ಎಂದು ಕಲ್ಲೇಶಿಗೆ ಖಾತ್ರಿಯಾಯಿತು. ಬೇರೆ ಯಾವ ಆಧಾರವೂ ಇರಲಿಲ್ಲ. ಬಗ್ಗಿ ಹಿಡಿದ. ಅದು ಹೆಬ್ಬೆರಳಿನ ಬುಡಕ್ಕೆ ಕಚ್ಚಿತು. ಯಾರಿಗೂ ತೋರಿಸದೆ ಕಚ್ಚಿಸಿಕೊಂಡ ಕೈಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಖಾಲಿ ಡಬ್ಬಕ್ಕೆ ಅದನ್ನು ಹಾಕಿ, ಹಿಂಡಿ ಮೂಟೆಗಳ ಮೇಲೆ ಕೂತು ಸಾವಿಗೆ ಕಾದ. ಇಡೀ ಮಧ್ಯಾಹ್ನ ಕಾದ. ಇಂಜಿನ್ ಡಬಡಬ ಹೊಡೆದುಕೊಳ್ಳುತ್ತಿತ್ತು. ಎದುರಿಗೇ ಜನ ಓಡಾಡಿದರು, ಗಾಡಿ ಬಂದವು, ಹೋದವು. ಭಾವ ಒಂದು ಸಲ, "ಆ ಮೂಟೆ ಹರಿದಾವು, ಇಳಿಯೋ" ಎಂದ. ನಾನು ಸಾಯುತ್ತಿದ್ದೇನೆ ಎಂದು ಹೇಳಬೇಕೆಂದುಕೊಂಡ. ಹೇಳಿದರೆ ನಗುತ್ತಾರೆ. ಹೇಳದೆ ಸತ್ತರೆ ನಾಳೆ ಬೆಳಿಗ್ಗೆ ಮೂಟೆ ಎತ್ತುವಾಗ ಗೊತ್ತಾಗುತ್ತದೆ, ಆಗ ನಗಲಾರರು ಎಂದು ಯೋಚಿಸಿ ಅವನಿಗೆ ಒಂದು ರೀತಿಯ ಸುಖವೂ ಆಯಿತು. ದೀಪ ಹಚ್ಚುವ ಹೊತ್ತಿಗೆ ಅಕ್ಕ ರೊಟ್ಟಿಗೆ ಕರೆದಳು. ಹೋಗಿ ಉಂಡ. ಸಾಯದೆ ಇದ್ದದ್ದಕ್ಕೆ ನಾಚಿಕೆಯಾಗಿತ್ತು.

ಈಗ ಗುಡಾಣದ ಮುಂದೆ ಕೂತು ಅಂಗಿಯ ಕೈ ಮಡಿಸುವಾಗ ಕಂಕುಳಲ್ಲಿ ಹೊಲಿಗೆ ಪಟ್ಟೆಂದಿತು. ಭಾವನ ಹಳೆಯ ಅಂಗಿ. ಮನೆಯಲ್ಲಿ ಭಾವನ ಅಂಗಿ ಹಳತಾದರೆ ಅವನಿಗೆ ಬರುತ್ತಿತ್ತು, ಅವನಲ್ಲಿ ಹಳತಾದರೆ ಇಂಜಿನ್ ಒರೆಸಲು ಹೋಗುತ್ತಿತ್ತು. ತರೀಕೆರೆಯ ಹೈಸ್ಕೂಲಿನಲ್ಲಿ, ಮಠದ ಬೋರ್ಡಿಂಗಿನಲ್ಲಿ ಉಣ್ಣುತ್ತಿದ್ದ ದಿನಗಳಲ್ಲೂ ಇವನ ಮೈಮೇಲೆ ಇಂಥದೇ ಯಾರದೋ ಅಂಗಿ. ಗಣಿತದ ಗಂಗಾಧರಯ್ಯ ಮೇಷ್ಟ್ರು ಬೋರ್ಡಿನ ಹತ್ತಿರ ಕರೆದು, ಲೆಕ್ಕ ಬಿಟ್ಟು, "ಯಾರದೋ ಇದು ಅಂಗಿ?" ಎಂದು ಕೇಳಿದರು. ಕೇಳಿದ್ದರಲ್ಲಿ ಕೆಟ್ಟತನ ಇತ್ತೋ ಇಲ್ಲವೋ ಈಗಲೂ ಅವನಿಗೆ ತಿಳಿಯದು. ಮೂರನೇ ಬೆಂಚಿನಿಂದ ಒಬ್ಬ ಹುಡುಗ, "ನಂದು ಸಾರ್" ಎಂದ. ಕಲ್ಲೇಶಿ ಸೀಮೆಸುಣ್ಣವನ್ನು ಮೇಜಿನ ಮೇಲಿಟ್ಟು ತರಗತಿಯಿಂದ ಹೊರಬಿದ್ದವನು ಮತ್ತೆ ಹೋಗಲಿಲ್ಲ. ಅಪ್ಪ ತೀರಿ ಅವ್ವ ತೀರಿ ಅಕ್ಕನ ಗಂಡ, "ನಮ್ಮಲ್ಲೇ ಇರ್ಲಿ ಬಿಡಿ, ಒಂದು ಜೀವ" ಎಂದು ಹತ್ತು ಜನರೆದುರಿಗೆ ಹೇಳಿ ಅಜ್ಜಂಪುರಕ್ಕೆ ಕರಕೊಂಡು ಬಂದ. ಹತ್ತು ಜನರೆದುರಿಗೆ ಹೇಳಿದ್ದನ್ನು ಭಾವ ಯಾವತ್ತೂ ಮರೆಯುತ್ತಿರಲಿಲ್ಲ.

ಹೊರಗೆ ಸೆರಗಿನ ಸದ್ದಾಯಿತು. ಭಾವನ ತಾಯಿ ಸಾವಿತ್ರಮ್ಮ. ಆಕೆ ಕೊಟ್ಟಿಗೆಯ ಹೊಸ್ತಿಲು ತುಳಿಯುತ್ತಿರಲಿಲ್ಲ. ಆಚೆಯೇ ನಿಂತು ಮಾತನ್ನು ಒಳಗೆ ಎಸೆಯುತ್ತಿದ್ದರು.

"ಕೊರಳಾಗೆ ಲಿಂಗ ಕಟ್ಕಂಡು ಇಲಿ ಹಿಡಿಯೋ ಕೈಯಾಗೆ ನಮ್ಮನೆ ತಂಬಿಗೆ ಮುಟ್ಟಿದೀಯೇನೋ?"

"ಇಲ್ಲ ಅತ್ತೆ."

"ಮತ್ತೆ ಬಾವಿಕಟ್ಟೆ ಮ್ಯಾಲೆ ಹೆಂಗೆ ಬಂತು ಅದು? ಅದ್ಕೇನು ಕಾಲೈತಾ?"

ತಂಬಿಗೆ ಇಟ್ಟದ್ದು ಅವನೇ. ತಂಬಿಗೆಯನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿ ವಿಭೂತಿ ಹಚ್ಚಿದರೆ ಸರಿಯಾಗುತ್ತದೆ. ಅವನನ್ನು ಏನು ಹಚ್ಚಿ ಬೆಳಗಬೇಕೋ ಆಕೆಗೆ ತಿಳಿದಿರಲಿಲ್ಲ. "ನಿಮ್ಮಕ್ಕಂಗೆ ದಿನ ತುಂಬೈತೆ. ತವರುಮನೆ ಅನ್ನೋದು ಇದ್ದಿದ್ರೆ ಅಲ್ಲಿ ಹೆರೋಳು. ಏನಿತ್ತು ತವರು? ನೀನೊಬ್ಬ. ಅವ್ಳಿಗೆ ಒಂದು ಹಿಡಿ ಕೊಬ್ರಿ ತಂದಿದೀಯಾ, ಒಂದು ಕುಲಾವಿ ಹೊಲ್ಸಿದೀಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದರು. ಮುದುಕಿ ಬೈದದ್ದರಲ್ಲಿ ಒಂದು ಸುಳ್ಳೂ ಇಲ್ಲದೆ ಇದ್ದುದು ಅವನಿಗೆ ಎಲ್ಲಕ್ಕಿಂತ ಹೆಚ್ಚು ಉರಿಯಿತು.

ತವರು ಎಂದರೆ ತಾನು. ಸಿಪ್ಪೆ ಕೊಟ್ಟಿಗೆಯಲ್ಲಿ ಚಾಪೆ ಹಾಸಿ ಮಲಗುವ, ಯಾರದೋ ಅಂಗಿ ತೊಟ್ಟ ತವರು. ನೆನೆಸಿಕೊಂಡರೆ ನಗು ಬರಬೇಕು. ಅಕ್ಕನ ಮೊದಲ ಮಗು ಹುಟ್ಟುವಾಗಲೇ ಹೋಗಿತ್ತು. ಆವತ್ತೂ ಅವನು ಇದೇ ಕೊಟ್ಟಿಗೆಯಲ್ಲಿ ಕೂತಿದ್ದ. ಹಾವು ಇರಲಿಲ್ಲ, ಅಷ್ಟೇ ವ್ಯತ್ಯಾಸ. ಬಟ್ಟೆಯಲ್ಲಿ ಸುತ್ತಿದ್ದನ್ನು ಭಾವ ಹಿತ್ತಲ ಬಾಗಿಲಿಂದ ಹೊರಗೆ ತಗೊಂಡು ಹೋಗುವಾಗ ಇವನನ್ನು, "ಗುದ್ಲಿ ತತ್ತಾ" ಎಂದಿದ್ದ. ತಂದುಕೊಟ್ಟಿದ್ದ. ಅಕ್ಕನ ಹತ್ತಿರ ಆ ವಿಷಯ ಇವತ್ತಿನವರೆಗೆ ಒಂದು ಮಾತು ಆಡಿರಲಿಲ್ಲ. ಏನೆಂದು ಆಡುವುದು?

ಮುದುಕಿ ಬೈದುಹೋದ ದಿನ ಸಂಜೆ ಅಕ್ಕನೇ ಬಂದಳು. ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ಗೋಡೆ ಹಿಡಿದುಕೊಂಡು ಬಂದು ಹಿಂಡಿ ಮೂಟೆಯ ಮೇಲೆ ಉಸ್ಸೆಂದು ಕೂತು, ಗುಡಾಣದ ಕಡೆ ಬಗ್ಗಿ ನೋಡಲು ಹೋಗಿ ಆಗದೆ ನಕ್ಕಳು. ಆ ಮನೆಯಲ್ಲಿ ಅವನ ಹಾವನ್ನು ನೋಡಲು ಬರುತ್ತಿದ್ದವಳು ಅವಳೊಬ್ಬಳೇ. ಹಳೇ ಸೀರೆ ಹರಿದು ಕೊಟ್ಟವಳೂ ಅವಳೇ. ಗೋಣಿತಾಟು ಒರಟು, ಉಜ್ಜುತ್ತದೆ ಎಂದಿದ್ದಳು.

"ನಮ್ಮತ್ತೆ ಬೈದ್ರಂತೆ?"

"ಬೈಲಿ ಬಿಡು. ಅವ್ರಿಗೆ ಅದೇ ಉಪಾಹಾರ."

"ಹಂಗನ್ಬಾರ್ದು ಕಣೋ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಕಲ್ಲೇಶಿ, ನಂಗೆ ಹೆದ್ರಿಕೆ ಆಗ್ತೈತೆ."

ಅವನು ಗುಡಾಣದ ಕಡೆ ನೋಡಿದ. "ಕಣ್ಣು ಇನ್ನೂ ನೀಲಿಗೇ ಐತೆ," ಎಂದ. "ತಿಳಿಯಾಗೋ ತನ್ಕ ಬಿಡಲ್ಲ ಪೊರೆ. ಈಗೇನಾದ್ರೂ ಮುಟ್ಟಿದ್ರೆ ಒಳಗಿನ ಚರ್ಮ ಹಸಿ ಇರ್ತದೆ, ಕಿತ್ಕಂಡು ಬತ್ತದೆ. ಹುಷಾರಾಗಿರ್ಬೇಕು."

"ಹೌದಾ?" ಎಂದಳು ಅವಳು. ಅವನು ಹೇಳಿದ್ದನ್ನೇ ಕೇಳಲು ಬಂದವಳ ಹಾಗೆ ಆಸಕ್ತಿಯಿಂದ ತಲೆಯಾಡಿಸಿದಳು. ಆಮೇಲೆ ಎದ್ದು, ಗೋಡೆ ಹಿಡಿದುಕೊಂಡು ಹೋದಳು. ಅವಳು ಬಾಗಿಲು ದಾಟಿದ ಮೇಲೆ, ತಾನು ಏನು ಕೇಳಿಸಿಕೊಂಡು ಏನು ಹೇಳಿದೆ ಎಂಬುದು ಅವನಿಗೆ ತಟ್ಟಿತು. ಕೂಗಿ ಕರೆಯಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡ. ನಾಳೆ ಏನು ಹೇಳುತ್ತಿದ್ದನೋ ಅದೂ ಗೊತ್ತಿರಲಿಲ್ಲ.

ಬೆಳಗಿನ ಜಾವಕ್ಕೇ ಅವಳಿಗೆ ನೋವು ಕಾಣಿಸಿಕೊಂಡಿತು. ಸೂರ್ಯ ನೆತ್ತಿಗೆ ಬಂದರೂ ಮಗು ಬರಲಿಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದ ದಿನಗಳು. ತಗಡಿನ ಸೂರು ಕಾದು ಟಿಕ್ ಟಿಕ್ ಎನ್ನುತ್ತಿತ್ತು. ಇಂಜಿನ್ ನಿಲ್ಲಿಸಿರಲಿಲ್ಲ. ಗಾಡಿಗಳು ಬಂದಿದ್ದವಲ್ಲ! ಡಬಡಬದ ನಡುವೆ ಅಕ್ಕನ ಕೂಗು ಒಮ್ಮೆ ಕೇಳಿಸುತ್ತಿತ್ತು, ಒಮ್ಮೆ ಮುಚ್ಚಿಹೋಗುತ್ತಿತ್ತು. ಮುಚ್ಚಿಹೋದಾಗ ಕಲ್ಲೇಶಿ ಇಂಜಿನ್ನಿಗೆ ಮನಸ್ಸಿನಲ್ಲೇ ಕೈ ಮುಗಿದ. ಅವನು ಮೂರು ಸಲ ಬಟ್ಟೆ ಒದ್ದೆ ಮಾಡಿ ಹಾಸಿದ್ದ. ಬೇಕಿರಲಿಲ್ಲ, ಒಂದು ಸಲ ಸಾಕಿತ್ತು. ಎದ್ದು ಹೋಗಿ ಭಾವನಿಗೆ, ಲಾರಿ ಐತಲ್ಲ, ತರೀಕೆರೆ ಡಾಕ್ಟರ ಹತ್ರ ಕರ್ಕಂಡು ಹೋಗಾನ ಎನ್ನಬೇಕು ಎಂದುಕೊಂಡ. ಆಫೀಸಿನ ಬಾಗಿಲವರೆಗೆ ಹೋದ. ಒಳಗೆ ಭಾವ ಬಂದವರಿಗೆ, "ನಮ್ಮ ಮನೆತನದಾಗೆ ಹೆಣ್ಮಕ್ಳು ಆಸ್ಪತ್ರೆ ಮೆಟ್ಲು ಹತ್ತಿಲ್ಲ ಕಣ್ರೀ. ಶಿವ ಅವ್ನೆ" ಎನ್ನುತ್ತಿದ್ದ. ಧ್ವನಿ ನಡುಗುತ್ತಿತ್ತು. ಅದನ್ನು ಕೇಳಿ ಕಲ್ಲೇಶಿಗೆ ಕರುಣೆ ಬರಲಿಲ್ಲ. ಎಣ್ಣೆ ಡಬ್ಬ ಸೋರಿದರೆ ದಾವಣಗೆರೆಯವರೆಗೆ ಲಾರಿ ಓಡಿಸುವವನು ಇವನು, ಹೆಂಡತಿ ಸೋರಿದರೆ ಶಿವ ನೋಡಿಕೊಳ್ಳಬೇಕು, ಎಂದುಕೊಂಡ. ಎಷ್ಟು ಚೆನ್ನಾಗಿ ಅಂದುಕೊಂಡೆ ಎಂದೂ ಅನ್ನಿಸಿತು. ಅಂದುಕೊಂಡದ್ದನ್ನು ಒಳಗೆ ಹೋಗಿ ಅನ್ನಲಿಲ್ಲ. ಬಾಗಿಲಲ್ಲಿ ನಿಂತವನನ್ನು ನೋಡಿ ಭಾವ, "ಏನೋ?" ಎಂದ. "ಏನಿಲ್ಲ," ಎಂದು ವಾಪಸು ಬಂದ.

ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಬಾಗಿಲಲ್ಲಿ ಮೂರು ಜನ. ಸೂಲಗಿತ್ತಿ ಪಾಪಮ್ಮ ಮುಂದೆ, ಮೊಳಕೈವರೆಗೆ ಹರಳೆಣ್ಣೆ ಬಳಿದ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು. ಅವಳ ಹಿಂದೆ ಸಾವಿತ್ರಮ್ಮ. ಅವರ ಹಿಂದೆ ಭಾವ. ಸಾವಿತ್ರಮ್ಮ ಹೊಸ್ತಿಲು ದಾಟಿ ಒಳಗೆ ಬಂದರು. ಕಲ್ಲೇಶಿ ಮೊದಲು ಗಮನಿಸಿದ್ದು ಅದನ್ನು.

"ಹೆಬ್ಬಾವಿನ ಪೊರೆ ಸೊಂಟಕ್ಕೆ ಕಟ್ಟಿದ್ರೆ ಮಗ ಜಾರ್ಕಂಡು ಬತ್ತದೆ ಕಣಪ್ಪಾ," ಎಂದಳು ಪಾಪಮ್ಮ. "ನಾನೇ ಕಟ್ಟಿ ಹೆರ್ಸಿವ್ನಿ. ಎಮ್ಮೆದೊಡ್ಡಿ ಕಾವಲು ಕಾಡಿನೋರು ತಂದುಕೊಡೋರು. ನಿನ್ತಾವ ಐತಂತಲ್ಲ."

"ಇನ್ನೂ ಬಿಟ್ಟಿಲ್ಲ," ಎಂದ ಕಲ್ಲೇಶಿ.

"ಹೋದ್ಸಲದ್ದು?" ಎಂದಳು ಪಾಪಮ್ಮ.

ಹೋದ ಸಲದ್ದನ್ನು ಸಾವಿತ್ರಮ್ಮನವರೇ ಕಸದ ಜತೆ ಒಲೆಗೆ ಹಾಕಿಸಿದ್ದರು. ಅವನು ಅವರ ಮುಖ ನೋಡಿದ. ಅವರು ನೋಟ ತಪ್ಪಿಸಲಿಲ್ಲ; ಅವರಿಗೆ ನೆನಪೇ ಇರಲಿಲ್ಲ. "ಬಿಟ್ಟಿಲ್ದಿದ್ರೆ ಬಿಡ್ಸು," ಎಂದರು. "ಅಂಚಿನಾಗೆ ಎದ್ದಿರ್ತದೆ, ಎಳ್ದ್ರೆ ಬತ್ತದೆ. ಹುಣ್ಣಿನ ಸಿಪ್ಪೆ ಏಳಲ್ವಾ, ಹಂಗೆ."

"ಈಗ ಎಳುದ್ರೆ ಅದು ಉಳಿಯಲ್ಲ."

ಮನೆಯೊಳಗಿಂದ ಅಕ್ಕ ಕೂಗಿದಳು. ಕಡೆಗೆ ಎರಡು ಸಲ ಅವ್ವಾ ಎಂದಳು, ಸತ್ತುಹೋದ ಅವ್ವನನ್ನು. ತಾನು ಆಡಿದ ಮಾತು ಇನ್ನೂ ಕೊಟ್ಟಿಗೆಯಲ್ಲೇ ನಿಂತಿತ್ತು. ಅಕ್ಕನ ಕೂಗು ಬಂದು ಅದರ ಪಕ್ಕದಲ್ಲಿ ನಿಂತಿತು. ಇವರಿಗೆ ಹೇಳಬೇಕಾದದ್ದು ಏನೆಂದು ಅವನಿಗೆ ಗೊತ್ತಿತ್ತು. ಪೊರೆ ಕಟ್ಟಿದರೆ ಏನೂ ಆಗದು, ಪೊರೆ ಬರಲಿ ಎಂದು ಕಾಯುತ್ತ ಕೂತರೆ ಹೊತ್ತು ಹೋಗುತ್ತದೆ, ಲಾರಿ ತೆಗೀರಿ. ಅಷ್ಟೇ. ಮೂರು ಮಾತು. ಅಷ್ಟರಲ್ಲಿ ಭಾವ ಮುಂದೆ ಬಂದ. ಅವನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿದಿತ್ತು. ಅವನು ಕಲ್ಲೇಶಿಯ ಭುಜದ ಮೇಲೆ, ತನ್ನದೇ ಹಳೆಯ ಅಂಗಿಯ ಮೇಲೆ, ಕೈ ಇಟ್ಟು, "ಕಲ್ಲೇಶಪ್ಪಾ," ಎಂದ. "ನೀನೇ ಮನಸ್ಸು ಮಾಡ್ಬೇಕು ಕಣಪ್ಪಾ. ಅವ್ಳಿಗೆ ತವರು ಅಂತ ಇರೋನು ನೀನೊಬ್ನೆ. ನೀನು ಗಂಡ್ಸು ಐದೀಯ ಅಂತ ನಾನು ಧೈರ್ಯವಾಗಿದೀನಿ."

ಆ ಮನೆಯಲ್ಲಿ ಅವನನ್ನು ಕಲ್ಲೇಶಪ್ಪ ಎಂದವರಿರಲಿಲ್ಲ. ಲೇ, ಅವನೇ, ಇವನೇ, ನಮ್ಮ ಭಾಮೈದ. ಭುಜದ ಮೇಲಿನ ಕೈ ಭಾರವಾಗಿ, ಬೆಚ್ಚಗೆ ಇತ್ತು. ಅದು ಅಲ್ಲೇ ಇನ್ನಷ್ಟು ಹೊತ್ತು ಇರಲಿ ಎಂದು ಅವನಿಗೆ ಅನ್ನಿಸಿತು, ಅನ್ನಿಸಿದ್ದು ಗೊತ್ತಾಯಿತು, ಗೊತ್ತಾದರೂ ಕೈಯನ್ನು ಕೊಡವಲಿಲ್ಲ. ಇದೆಲ್ಲ ಅಕ್ಕನಿಗಾಗಿ ಎಂದು ಹೇಳಿಕೊಂಡ. ಹೇಳಿಕೊಳ್ಳುವಾಗಲೂ ಮನಸ್ಸಿನ ಕಿವಿ ಭಾವನ ಬಾಯಿಯ ಕಡೆಗೇ ಇತ್ತು, ಇನ್ನೊಂದು ಸಲ ಹಾಗೆ ಕರೆಯುತ್ತಾನೇನೋ ಎಂದು.

"ಬಿಸಿನೀರು ಬೇಕು," ಎಂದ. "ಒಂದು ಬೋಗುಣಿ. ಕಡ್ಲೇಕಾಯಿ ಎಣ್ಣೆ ಒಂದಿಷ್ಟು." ಸಾವಿತ್ರಮ್ಮ ತಾವೇ ಓಡಿದರು. ತಂದದ್ದು ಅಡುಗೆಮನೆಯ ಬೋಗುಣಿ.

ಉಗುರುಬೆಚ್ಚಗಿನ ನೀರಿನಲ್ಲಿ ಹಾವನ್ನು ಇಳಿಸಿದಾಗ ಅದು ಮೊದಲು ಕಚ್ಚಲು ಬಂತು, ಆಮೇಲೆ ಬೆಚ್ಚನೆಗೆ ಸೋತು ಅವನ ಮಣಿಕಟ್ಟಿಗೆ ಸುತ್ತಿಕೊಂಡಿತು. ನಂಬಿಕೆಯಿಂದ ಸುತ್ತಿಕೊಂಡಿತು ಎಂದೇನೂ ಅವನು ಭಾವಿಸಲಿಲ್ಲ. ಹಾವಿಗೆ ನಂಬಿಕೆ ಎಲ್ಲಿಂದ ಬರಬೇಕು? ಬೆಚ್ಚಗಿತ್ತು, ಸುತ್ತಿಕೊಂಡಿತು. ಎಣ್ಣೆ ಸವರಿದ. ತುಟಿಯ ಅಂಚಿನಲ್ಲಿ ಹೆಬ್ಬೆರಳಿನ ಉಗುರು ಹಾಕಿ ಉಜ್ಜಿದ, ಏಳಲಿಲ್ಲ. ಇನ್ನೂ ಒತ್ತಿ ಉಜ್ಜಿದ, ಎದ್ದಿತು. ಪಾಪಮ್ಮ, "ಹಾಂ, ಬಂತು ಬಂತು," ಎಂದಳು. ಹೋದ ಸಲ ಕಾಲುಚೀಲದಂತೆ ಇಡಿಯಾಗಿ ಬಂದದ್ದು ಈಗ ಒದ್ದೆ ಕಾಗದದಂತೆ ಚೂರು ಚೂರಾಗಿ ಬಂತು. ಒಂದೊಂದು ಚೂರಿನ ಕೆಳಗೂ ಮಚ್ಚೆಗಳ ಜತೆ ನೀರು ನೀರಾದ ಕೆಂಪು. ಅದು ಬಾಲವನ್ನು ಬೋಗುಣಿಯ ಅಂಚಿಗೆ ಬಡಿಯತೊಡಗಿತು. ಸದ್ದೇ ಮಾಡದ ಪ್ರಾಣಿ, ಕೂಗುವುದಕ್ಕೆ ಗಂಟಲಿಲ್ಲ. ಕೂಗಿದ್ದರೆ ಬಿಡುತ್ತಿದ್ದೆನೇನೋ ಎಂದು ಅವನು ಆಮೇಲೆ ಅಂದುಕೊಂಡ. ಆದರೆ ಅಕ್ಕ ಕೂಗುತ್ತಲೇ ಇದ್ದಳಲ್ಲ, ಬೆಳಿಗ್ಗೆಯಿಂದ, ಅದಕ್ಕೆ ತಾನು ಏನು ಮಾಡಿದ್ದೆ? ತಲೆಯ ಮೇಲಿನದನ್ನು ಎಳೆಯುವಾಗ ಎಡಗಣ್ಣಿನ ಬಟ್ಟಲು ಬಿಡಲಿಲ್ಲ. ಬಿಟ್ಟುಬಿಡಬಹುದಿತ್ತು, ಸೊಂಟಕ್ಕೆ ಕಟ್ಟಲು ತಲೆಯ ಪೊರೆ ಬೇಕೆಂದು ಯಾರೂ ಹೇಳಿರಲಿಲ್ಲ. ಭಾವ ಉಸಿರು ಬಿಗಿಹಿಡಿದು ಅವನ ಕೈಯನ್ನೇ ನೋಡುತ್ತಿದ್ದ. ಇಷ್ಟು ಮರ್ಯಾದೆಯಿಂದ ಆ ಕೈಯನ್ನು ಯಾರೂ ನೋಡಿರಲಿಲ್ಲ. ಅವನು ಎಳೆದ. ಹಸಿ ನಾರು ಕಿತ್ತ ಹಾಗೆ ಏನೋ ಕಿತ್ತು ಬಂತು.

ಚೂರುಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಹರವಿಕೊಂಡು ಅವನು ಅಂಗಳ ದಾಟಿದ. ಪಾಪಮ್ಮನೂ ಸಾವಿತ್ರಮ್ಮನೂ ಮುಂದೆ ಓಡಿದ್ದರು. ನಡುಮನೆಯ ಬಾಗಿಲಿಗೆ ಅವನು ಕಾಲಿಡುವಷ್ಟರಲ್ಲಿ ಒಳಗೆ ಮಗು ಅತ್ತಿತು. ಬೆಕ್ಕಿನ ಮರಿ ತುಳಿದಂಥ ಸಣ್ಣ ಸದ್ದು, ಆಮೇಲೆ ದೊಡ್ಡದು. ಅವನು ತಟ್ಟೆ ಹಿಡಿದುಕೊಂಡು ಅಲ್ಲೇ ನಿಂತ. ಪಾಪಮ್ಮ ಕೊಟ್ಟಿಗೆಗೆ ಬಂದು ಕೂತಿದ್ದ ಹೊತ್ತಿನಲ್ಲಿ ಅಕ್ಕ ಒಬ್ಬಳೇ ಹೆತ್ತುಕೊಂಡಿದ್ದಳು. ಪಾಪಮ್ಮ ಓಡಿಹೋಗುವಷ್ಟರಲ್ಲಿ ತಲೆ ಅದಾಗಲೇ ಬಂದಿತ್ತಂತೆ. ಯಾರ ಸೊಂಟಕ್ಕೂ ಯಾವುದನ್ನೂ ಕಟ್ಟುವ ಕೆಲಸ ಉಳಿದಿರಲಿಲ್ಲ. ಸಾವಿತ್ರಮ್ಮ ಹೊರಗೆ ಬಂದು, ತಟ್ಟೆಯನ್ನು ಅವನ ಕೈಯಿಂದ ತಗೊಂಡು ಕಣ್ಣಿಗೊತ್ತಿಕೊಂಡರು. "ಹೊಸ್ತಿಲಿಗೆ ಬರೋದೇ ತಡ, ಮಗ ಜಾರಿಬಿಡ್ತಲ್ಲೋ!" ಎಂದರು. ಗಂಡುಮಗು ಎಂದರು. ಕಣ್ಣಲ್ಲಿ ನೀರಿತ್ತು. ಅಳುವ ಮುದುಕಿಯನ್ನು ಇಷ್ಟು ಹತ್ತಿರದಿಂದ ನೋಡಿ, ಇವರನ್ನು ದ್ವೇಷಿಸುವುದಕ್ಕೂ ತನಗೆ ಇನ್ನು ಹಕ್ಕಿಲ್ಲ ಅನ್ನಿಸಿ ಅವನು ಪೆಚ್ಚಾದ.

ಅವನು ಕೊಟ್ಟಿಗೆಗೆ ಹೋಗಿ ನೋಡಿದ. ಹಾವು ಬೋಗುಣಿಯಿಂದ ಹೊರಬಿದ್ದು ಸಿಪ್ಪೆಯ ರಾಶಿಯ ಅಂಚಿಗೆ ಸೇರಿತ್ತು. ಎಣ್ಣೆ ಬಳಿದ ಹಸಿ ಮೈಗೆಲ್ಲ ಸಿಪ್ಪೆಯ ಪುಡಿ ಮೆತ್ತಿತ್ತು. ಬಲಗಣ್ಣು ನೀಲಿ. ಎಡಗಣ್ಣಿನ ಜಾಗದಲ್ಲಿ ಏನಿತ್ತೋ ಅದನ್ನು ಅವನು ಒಂದು ಸಲ ನೋಡಿದ, ಎರಡನೇ ಸಲ ನೋಡಲಿಲ್ಲ. ಒದ್ದೆ ಬಟ್ಟೆ ಎತ್ತಿಕೊಂಡು ಪುಡಿ ಒರೆಸಲು ಹೋದ. ಮುಟ್ಟಿದಲ್ಲೆಲ್ಲ ಅದು ಸೆಟೆಯಿತು. ಬಟ್ಟೆ ಕೆಳಗಿಟ್ಟ. ಮುಟ್ಟದೆ ಇರುವ ವಿದ್ಯೆ! ಅಂಗಳದಲ್ಲಿ ತನ್ನನ್ನು ನೋಡಿ ನಕ್ಕವರನ್ನೆಲ್ಲ ಅಗ್ಗದವರು ಎಂದುಕೊಂಡಿದ್ದ. ದೊಡ್ಡಬೀರಪ್ಪನನ್ನು ಕೊಳ್ಳಬೇಕಾದರೆ ಮಣ್ಣುಹೆಂಟೆಯನ್ನಾದರೂ ಕಂಡೂ ಕಾಣದಂತೆ ಇರಬೇಕು. ಕಲ್ಲೇಶಿಯನ್ನು ಕೊಳ್ಳಲು ಅಷ್ಟೂ ಬೇಕಾಗಲಿಲ್ಲ, ಕಲ್ಲೇಶಪ್ಪಾ ಎಂದದ್ದೇ ಸಾಕಾಯಿತು.

ಸಂಜೆ ಇಂಜಿನ್ ನಿಲ್ಲಿಸಿದರು. ಅಂಗಳದಲ್ಲಿ ಭಾವ ಮೊರದ ತುಂಬ ಕಲ್ಲುಸಕ್ಕರೆ ಇಟ್ಟುಕೊಂಡು ಬಂದವರಿಗೆಲ್ಲ ಹಂಚುತ್ತಿದ್ದ. "ಪೊರೆ ಒಳಗೆ ಬಂತು, ಕೂಸು ಹೊರಗೆ ಬಂತು ನೋಡ್ರಿ. ಎಲ್ಲ ನಮ್ಮ ಕಲ್ಲೇಶಪ್ಪನ ಕೈಗುಣ," ಎನ್ನುತ್ತಿದ್ದ. ದೊಡ್ಡಬೀರಪ್ಪ ಕೈ ಜೋಡಿಸಿ, "ನಮ್ಮ ಸೊಸಿಗೂ ಶ್ರಾವಣಕ್ಕೆ ದಿನ ತುಂಬ್ತದೆ ಕಣ್ರೀ ಕಲ್ಲೇಶಪ್ಪಾರೇ, ಒಂದ್ಚೂರು ಪೊರೆ ನಮಗೂ ಎತ್ತಿಟ್ಟಿರಿ," ಎಂದ. ಹಾಸ್ಯಕ್ಕೆ ಅಂದದ್ದಲ್ಲ. ಅದರಲ್ಲಿ ಹಾಸ್ಯ ಇರಬಹುದೆಂದು ಕಲ್ಲೇಶಿ ಅವನ ಮುಖವನ್ನೆಲ್ಲ ಹುಡುಕಿದ, ಇರಲಿಲ್ಲ. ಯಾರೂ ನಗಲಿಲ್ಲ. ಮಧ್ಯೆ ದಾರಿ ಬಿಟ್ಟರು. ಭಾವ ಅವನ ಅಂಗೈಯಲ್ಲಿ ದೊಡ್ಡ ಕಲ್ಲುಸಕ್ಕರೆ ಹರಳೊಂದನ್ನು ಇಟ್ಟು ಬೆರಳು ಮಡಿಸಿದ. ಅಂಗೈ ಇನ್ನೂ ಎಣ್ಣೆಯಾಗಿತ್ತು.

"ಕರೀತಾಳೆ ನಿಮ್ಮಕ್ಕ, ಹೋಗು," ಎಂದರು ಸಾವಿತ್ರಮ್ಮ.

ಬಾಣಂತಿ ಕೋಣೆಯೊಳಗೆ ಬಿಡುವಂತಿರಲಿಲ್ಲ. ಹಿತ್ತಲ ಕಡೆಯ ಕಿಟಕಿಗೆ ಹೋದ. ಒಳಗೆ ಲೋಬಾನದ ಹೊಗೆ. ಹೊಗೆಯ ನಡುವೆ ಅಕ್ಕ ಗೋಡೆಗೆ ಒರಗಿ, ಕಿವಿ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಸಿಕೊಂಡು, ಯಾರೋ ಬೇರೆಯವಳ ಹಾಗೆ ಕಾಣಿಸಿದಳು. ಮೊರದಲ್ಲಿ ಮಲಗಿಸಿದ್ದ ಕೂಸಿನ ಸೊಂಟದಲ್ಲಿ, ಕರಿದಾರಕ್ಕೆ, ಪೊರೆಯ ಚೂರೊಂದನ್ನು ದೃಷ್ಟಿಗೆಂದು ಕಟ್ಟಿದ್ದರು. ಕೋಣೆಯೊಳಗೆ ಅವಳ ಸುತ್ತ ಸಾವಿತ್ರಮ್ಮ, ಪಾಪಮ್ಮ, ಕೇರಿಯ ಇನ್ನಿಬ್ಬರು ಹೆಂಗಸರು ನಿಂತಿದ್ದರು. ಅಕ್ಕ ಕಂಬಿಯವರೆಗೆ ಬಾಗಲಾರದೆ ಕುತ್ತಿಗೆ ಮಾತ್ರ ಮುಂದೆ ಮಾಡಿದಳು.

"ನೋಡ್ದೇನೋ? ಮೂಗು ಅಪ್ಪಯ್ಯಂದೇ ಐತೆ," ಎಂದಳು. ದನಿ ಹರಿದುಹೋಗಿತ್ತು. ಅವನು ತಲೆಯಾಡಿಸಿದ. ಅವಳು ಸ್ವಲ್ಪ ಸುಧಾರಿಸಿಕೊಂಡಳು. ಸುತ್ತ ನಿಂತವರು ಏನಂದುಕೊಳ್ಳುತ್ತಾರೋ ಎಂದು ನಾಚಿದವಳಂತೆ ಮೆಲ್ಲಗೆ, "ಗಲಾಟೇಲಿ ನಾನು ಕೇಳ್ಲೇ ಇಲ್ಲ ನೋಡು. ನಿನ್ ಹಾವು ಹೆಂಗೈತೋ? ಸರಿಯಾಗಿ ಬಿಡ್ತಾ ಪೊರೆ?" ಎಂದಳು.

ಹೆಂಗಸರು ಅವನ ಮುಖ ನೋಡಿದರು. ಅವಳೂ ನೋಡುತ್ತಿದ್ದಳು, ಕಾಯುತ್ತಿದ್ದಳು. ಕಲ್ಲೇಶಿ ಕಿಟಕಿಯ ಕಂಬಿಯಿಂದ ಕೈ ತೆಗೆದ. ಮುರುಟಿದ ಹ್ಯಾಪುಮೋರೆಯಲ್ಲಿ ಹಿತ್ತಲು ದಾಟಿ, ಅಂಗಳದಲ್ಲಿ ದಾರಿ ಬಿಟ್ಟು ನಿಂತವರ ನಡುವೆ ಹಾದು, ಹಿಂದಿನಿಂದ ಅವಳು, "ಲೇ ಕಲ್ಲೇಶಿ," ಎಂದು ಇನ್ನೊಂದು ಸಲ ಕೂಗಿದ್ದು ಕೇಳಿಸಿಯೂ ತಿರುಗದೆ, ಗೇಟಿನಾಚೆಗೆ ಸ್ಟೇಷನ್ ರಸ್ತೆಗೆ ಇಳಿದು ನಡೆದ.